ಬಾಡಿಗೆ ಕಟ್ಟದ ಕಂಪನಿಗೆ ಶಹಬ್ಬಾಸ್ ಅಂದವರಿಗೆ ಒಂದು ಬಹಿರಂಗ ಪತ್ರ

ಎಲ್ಲರಿಗೂ ನಮಸ್ಕಾರ.

ಇಲಾನ್ ಮಸ್ಕ್ ಆಗಷ್ಟೇ ಕೊಂಡಿದ್ದ ಟ್ವಿಟರ್ ತನ್ನ ಆಫೀಸುಗಳ ಬಾಡಿಗೆ ಕಟ್ಟುತ್ತಿಲ್ಲ ಅನ್ನೋ ಸುದ್ದಿ 2022ರ ಡಿಸೆಂಬರ್‌ನಲ್ಲಿ ಬಂತು. ಆಗ ನಿಮ್ಮಲ್ಲಿ ಎರಡು ಗುಂಪಾಯಿತು. ಒಂದು ಗುಂಪು ಬಿದ್ದು ಬಿದ್ದು ನಕ್ಕಿತು. ಅಷ್ಟು ದೊಡ್ಡ ಶ್ರೀಮಂತ, ಬಾಡಿಗೆಗೆ ದುಡ್ಡಿಲ್ಲವಂತೆ ಪಾಪ! ಇನ್ನೊಂದು ಗುಂಪು ಶಹಬ್ಬಾಸ್ ಅಂದಿತು. ನೋಡಿ, ವ್ಯವಹಾರ ಅಂದರೆ ಹೀಗೆ. ಕೇಳಿದಷ್ಟು ಕೊಡೋದು ದಡ್ಡರು, ಕೊಡದೆ ಕೂತು ರೇಟು ಇಳಿಸೋದು ಜಾಣರು.

ಈ ಪತ್ರ ಮುಖ್ಯವಾಗಿ ಎರಡನೇ ಗುಂಪಿಗೆ. ನಕ್ಕವರಿಗೂ ಕೊನೆಯಲ್ಲಿ ಎರಡು ಮಾತಿದೆ.

ಅಷ್ಟು ಹಳೇ ಸುದ್ದಿ ಈಗ್ಯಾಕೆ ಅಂತ ಕೇಳಬಹುದು. ಯಾಕೆಂದರೆ ಆ ಶಹಬ್ಬಾಸ್ ಇನ್ನೂ ನಿಂತಿಲ್ಲ. ಕಂಪನಿಗಳು ಖರ್ಚು ಇಳಿಸೋ ಮಾತು ಬಂದಾಗೆಲ್ಲ ಯಾರಾದರೊಬ್ಬರು ಈ ಕತೆಯನ್ನೇ ತೆಗೆಯುತ್ತಾರೆ. ಅದೂ ಮೆಚ್ಚಿಕೊಂಡು. ನಾನು ಕೆಲಸ ಮಾಡೋದು ಅಕೌಂಟ್ಸ್ ವಿಭಾಗದಲ್ಲಿ. ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಯಾರಿಗೆ ಕೊಡದೆ ಎಷ್ಟು ದಿನ ತಳ್ಳಬಹುದು ಅನ್ನೋದನ್ನೇ ದಿನಾ ನೋಡುವವನು. ಹಾಗಾಗಿ ಈ ಜಾಣತನ ಒಳಗಿನಿಂದ ಹೇಗೆ ಕಾಣುತ್ತೆ ಅಂತ ನಿಮಗೆ ಹೇಳಬೇಕು ಅನ್ನಿಸಿತು.

ಮೊದಲು ಆಗಿದ್ದೇನು ಅಂತ ಒಂದು ಸಲ ನೋಡಿಬಿಡೋಣ.

ಇಲಾನ್ ಮಸ್ಕ್ 2022ರ ಅಕ್ಟೋಬರ್ 27ರಂದು 44 ಬಿಲಿಯನ್ ಡಾಲರ್‌ಗೆ ಟ್ವಿಟರ್ ಕೊಂಡರು. ಅದರಲ್ಲಿ ಸುಮಾರು 13 ಬಿಲಿಯನ್ ಬ್ಯಾಂಕುಗಳ ಸಾಲ. ಸಾಲ ಕೂತಿದ್ದು ಮಸ್ಕ್ ಹೆಸರಿನಲ್ಲಲ್ಲ, ಕಂಪನಿಯ ತಲೆ ಮೇಲೆ. ಎರಡು ತಿಂಗಳು ತುಂಬಿರಲಿಲ್ಲ, ಸ್ಯಾನ್ ಫ್ರಾನ್ಸಿಸ್ಕೊದ 650 ಕ್ಯಾಲಿಫೋರ್ನಿಯಾ ಸ್ಟ್ರೀಟ್ ಕಟ್ಟಡದ ಮಾಲೀಕರು ಬಾಡಿಗೆ ಬಂದಿಲ್ಲ ಅಂತ ನೋಟಿಸ್ ಕೊಟ್ಟರು. ಐದು ದಿನದ ಗಡುವು. ದುಡ್ಡು ಬರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಕೋರ್ಟಿಗೆ ಹೋದರು. 30ನೇ ಮಹಡಿಯ ಬಾಕಿ 1,36,260 ಡಾಲರ್.

ಈ ಅಂಕಿಯನ್ನು ಸ್ವಲ್ಪ ಪಕ್ಕಕ್ಕಿಟ್ಟುಕೊಂಡು ಲೆಕ್ಕ ಹಾಕಿ. 44 ಸಾವಿರ ಡಾಲರ್ ಕೊಟ್ಟು ಕಾರು ಕೊಂಡವನು 14 ಸೆಂಟ್ ಬಾಕಿ ಉಳಿಸಿಕೊಂಡು ಕೋರ್ಟಿಗೆ ಹೋಗಿ ನಿಂತ ಹಾಗಾಯಿತು. ಕೈಯಲ್ಲಿ ಇಲ್ಲದ್ದಕ್ಕೆ ಕೊಡಲಿಲ್ಲ ಅಂತ ಇದನ್ನು ನೋಡಿದ ಯಾವ ಲೆಕ್ಕಿಗನೂ ನಂಬೋದಿಲ್ಲ.

ಆಮೇಲೆ ಒಂದರ ಹಿಂದೆ ಒಂದು. 2023ರ ಜನವರಿಯಲ್ಲಿ ಅದೇ ಊರಿನ ಮಾರ್ಕೆಟ್ ಸ್ಟ್ರೀಟ್‌ನ ಮುಖ್ಯ ಕಚೇರಿಯ ಮಾಲೀಕರು ದಾವೆ ಹಾಕಿದರು. ಅಲ್ಲಿ ತಿಂಗಳ ಬಾಡಿಗೆಯೇ 33 ಲಕ್ಷ ಡಾಲರ್‌ಗಿಂತ ಜಾಸ್ತಿ. ಎರಡು ತಿಂಗಳದು ಬಂದಿಲ್ಲ ಅಂತ ದೂರು. ಅದೇ ತಿಂಗಳು ಲಂಡನ್‌ನಲ್ಲಿ ಅಲ್ಲಿನ ಕಚೇರಿಯ ಮಾಲೀಕ ಸಂಸ್ಥೆ ಕ್ರೌನ್ ಎಸ್ಟೇಟ್ ಕೋರ್ಟಿಗೆ ಹೋಯಿತು. ಸಿಂಗಪುರದ ಕಚೇರಿಯವರಿಗೆ ಎದ್ದು ಮನೆಗೆ ಹೋಗಿ, ಅಲ್ಲಿಂದ ಕೆಲಸ ಮಾಡಿ ಅಂತ ಸೂಚನೆ ಬಂತು. ಬಾಡಿಗೆ ಕಟ್ಟದ್ದೇ ಕಾರಣ ಅಂತ ವರದಿಯಾಯಿತು. ಕೊಲೊರಾಡೊದ ಬೌಲ್ಡರ್‌ನಲ್ಲಂತೂ ಮೇ ಕೊನೆಗೆ ನ್ಯಾಯಾಧೀಶರು ಕಂಪನಿಯನ್ನು ಕಟ್ಟಡದಿಂದ ಖಾಲಿ ಮಾಡಿಸಿ ಅಂತ ಆದೇಶವನ್ನೇ ಕೊಟ್ಟರು. ಇದರ ನಡುವೆ ಮುಖ್ಯ ಕಚೇರಿಯ ಕೆಲವು ಕೋಣೆಗಳಲ್ಲಿ ನೌಕರರಿಗೆ ಮಲಗೋಕೆ ಹಾಸಿಗೆ ಹಾಕಿಸಿದ್ದರು ಅನ್ನೋದು ಬೇರೆ ಸುದ್ದಿ. ಬಾಡಿಗೆ ಕೊಡದ ಜಾಗದಲ್ಲಿ ರಾತ್ರಿ ವಾಸ್ತವ್ಯ ಬೇರೆ!

ಈಗ ನಿಮ್ಮ ವಾದಕ್ಕೆ ಬರೋಣ. ಅದನ್ನು ಸುಮ್ನೆ ತಳ್ಳಿಹಾಕೋ ಉದ್ದೇಶ ನನಗಿಲ್ಲ. ಕೊರೊನಾ ಆದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಫೀಸು ಜಾಗಕ್ಕೆ ಕೇಳುವವರಿರಲಿಲ್ಲ. ನಾಲ್ಕರಲ್ಲಿ ಒಂದು ಪಾಲು ಖಾಲಿ ಬಿದ್ದಿತ್ತು. ಹಳೇ ರೇಟಿನ ಕರಾರು ಹಿಡಿದು ಕೂತ ಬಾಡಿಗೆದಾರ ಕಡಿಮೆ ಮಾಡಿ ಅಂತ ಕೇಳಿದರೆ ತಪ್ಪೇನು? ಏನೂ ತಪ್ಪಿಲ್ಲ. ಕೇಳಬಹುದು, ಮಾಲೀಕರ ಜೊತೆ ಕೂತು ಮಾತಾಡಬಹುದು. ಎರಡು ಮಹಡಿ ವಾಪಸ್ ಕೊಡ್ತೀವಿ, ದಂಡ ಎಷ್ಟು ಹೇಳಿ ಅನ್ನಬಹುದು. ಜಾಗ ಬೇಡವಾದರೆ ಬಾಗಿಲು ಹಾಕಿ ಹೊರಡಬಹುದು. 2023ರ ಫೆಬ್ರವರಿಯಲ್ಲಿ ಇದೇ ಕಂಪನಿ ದೆಹಲಿ ಮತ್ತು ಮುಂಬೈ ಕಚೇರಿ ಮುಚ್ಚಿತಲ್ಲ, ಹಾಗೆ. ಬಾಗಿಲು ಹಾಕೋದು ಒಂದು. ಒಳಗೇ ಕೂತು, ದೀಪ ಉರಿಸಿಕೊಂಡು, ಲಿಫ್ಟ್ ಹತ್ತಿ ಇಳಿದುಕೊಂಡು, ಬಾಡಿಗೆ ಮಾತ್ರ ಕೊಡದೆ ಇರೋದು ಇನ್ನೊಂದು.

ಕೊಡದೇ ಇರೋದು ಮೇಲಿನವರ ತೀರ್ಮಾನವೇ ಆಗಿತ್ತು ಅಂತ ಕೆಲವು ಮಾಜಿ ನೌಕರರು 2023ರ ಮೇನಲ್ಲಿ ಹಾಕಿದ ದಾವೆಯಲ್ಲಿ ಹೇಳಿದ್ದಾರೆ. ಆರೋಪ ಅಷ್ಟೇ, ಒಪ್ಪುತ್ತೇನೆ. ಆದರೆ ಆ ಚಳಿಗಾಲದ ಲೆಕ್ಕವೂ ಅದೇ ಕಡೆ ಬೆರಳು ತೋರಿಸುತ್ತೆ. ಅದು ಹೇಗೆ ಅಂತ ಗೊತ್ತಾಗಬೇಕಾದರೆ ನೀವು ಒಂದು ಸಲ ಅಕೌಂಟ್ಸ್ ವಿಭಾಗದ ಒಳಗೆ ಬರಬೇಕು.

ನಮ್ಮಲ್ಲಿ ಏಜಿಂಗ್ ಶೀಟ್ ಅಂತ ಒಂದು ಪಟ್ಟಿ ಇರುತ್ತೆ. ಕೊಡಬೇಕಾದವರ ಹೆಸರು ಎಡಕ್ಕೆ. ಬಲಕ್ಕೆ ಕಾಲಂಗಳು: 30 ದಿನದೊಳಗಿನ ಬಾಕಿ, 60 ದಿನದ್ದು, 90 ದಿನದ್ದು, 90 ದಾಟಿದ್ದು. ದುಡ್ಡು ಬಿಗಿಯಾದ ತಿಂಗಳು ಈ ಪಟ್ಟಿ ಪ್ರಿಂಟ್ ಆಗಿ ಮೇಲಿನವರ ಮೇಜಿಗೆ ಹೋಗುತ್ತೆ. ಅವರು ಪೆನ್ನು ಹಿಡಿದು ಗುರುತು ಹಾಕುತ್ತಾರೆ. ಮೊದಲ ಗುರುತು ಯಾವತ್ತೂ ಬ್ಯಾಂಕಿಗೆ. ಕಂತು ತಪ್ಪಿದರೆ ಬ್ಯಾಂಕು ಕಂಪನಿಯ ಕುತ್ತಿಗೆಗೇ ಕೈ ಹಾಕುತ್ತೆ. ಎರಡನೇದು ತೆರಿಗೆಗೆ. ಮೂರನೇದು ಕರೆಂಟಿಗೆ, ಸರ್ವರಿಗೆ, ಅಂದರೆ ನಿಂತರೆ ಅವತ್ತೇ ಕೆಲಸ ನಿಲ್ಲುವಂಥದ್ದಕ್ಕೆ. ಆಮೇಲೆ ಪೆನ್ನು ನಿಧಾನವಾಗುತ್ತೆ. ಇವರು ಕಾಯ್ತಾರೆ ಬಿಡಿ. ಇವರು ಕೇಳಿದಾಗ ನೋಡೋಣ. ಇವರದು ಬಿಲ್ಲಿನಲ್ಲಿ ಏನೋ ತಪ್ಪಿದೆ ಅಂತ ವಾಪಸ್ ಕಳಿಸಿ.

ಈ ಕೊನೆಯ ಸಾಲುಗಳಲ್ಲಿ ಯಾರಿರುತ್ತಾರೆ ಗೊತ್ತಾ? ಕ್ಲೀನಿಂಗ್ ಗುತ್ತಿಗೆಯವರು, ನೀರಿನ ಕ್ಯಾನ್ ಹಾಕುವವರು, ಎಸಿ ರಿಪೇರಿಯವರು, ಸೆಕ್ಯೂರಿಟಿ ಏಜೆನ್ಸಿ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ನೋಡಿದ್ದು: ಕ್ಲೀನಿಂಗ್ ಗುತ್ತಿಗೆಯ ಸೂಪರ್‌ವೈಸರ್ ತಿಂಗಳ ಮೊದಲ ವಾರ ರಿಸೆಪ್ಷನ್ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬಿಲ್ಲಿನ ಕಾಪಿ, ಮಡಚಿ ಮಡಚಿ ನಡುವೆ ಹರಿಯೋಕೆ ಬಂದಿತ್ತು. ಸಿಟ್ಟು ಮಾಡುತ್ತಿರಲಿಲ್ಲ. "ಸಾರ್, ಹುಡುಗರಿಗೆ ಸಂಬಳ ಕೊಡಬೇಕು, ಅರ್ಧನಾದರೂ ಮಾಡಿಸಿಕೊಡಿ" ಅಂತಿದ್ದರು. ಒಳಗಿನಿಂದ ಹೋಗುತ್ತಿದ್ದ ಉತ್ತರವೂ ಗೊತ್ತಿದ್ದದ್ದೇ. ಸಹಿಗೆ ಹೋಗಿದೆ, ಮುಂದಿನ ವಾರ ಬನ್ನಿ. ಅದೇ ಹೊತ್ತಿಗೆ ಬ್ಯಾಂಕಿನಿಂದ ಒಂದು ಫೋನ್ ಬಂದರೆ ಇಡೀ ವಿಭಾಗ ಎದ್ದು ನಿಲ್ಲುತ್ತಿತ್ತು.

ಈಗ ಟ್ವಿಟರ್ ಪಟ್ಟಿ ನೋಡಿ. ಮುಖ್ಯ ಕಚೇರಿಯ ಮಾಲೀಕರು ಎರಡು ತಿಂಗಳ ಬಾಕಿಗೆ ದಾವೆ ಹಾಕಿದ ಅದೇ 2023ರ ಜನವರಿಯಲ್ಲಿ ಕಂಪನಿ ಆ 13 ಬಿಲಿಯನ್ ಸಾಲದ ಮೊದಲ ಬಡ್ಡಿ ಕಂತು ಕಟ್ಟಿತು. ಎಷ್ಟು? ಸುಮಾರು 300 ಮಿಲಿಯನ್ ಡಾಲರ್ ಅಂತ ವರದಿಯಾಯಿತು. ಬಾಡಿಗೆಗೆ ಇಲ್ಲದ ದುಡ್ಡು ಬಡ್ಡಿಗೆ ಇತ್ತು. ಪೆನ್ನು ಎಲ್ಲಿ ಗುರುತು ಹಾಕಿತು ಅಂತ ಕಾಣಿಸುತ್ತಲ್ವಾ? ಬ್ಯಾಂಕು ಕಚ್ಚುತ್ತೆ, ಮಾಲೀಕ ಕೋರ್ಟಿಗೆ ಹೋಗಬೇಕು, ಕೋರ್ಟು ನಿಧಾನ. ನೀವು ಜಾಣತನ ಅಂತ ಕರೆದಿದ್ದು ಇದನ್ನೇ. ಇದರಲ್ಲಿ ಚೌಕಾಶಿಯ ಕಸುಬು ಏನೂ ಇಲ್ಲ. ಯಾರ ಕೈಯಲ್ಲಿ ಏನೂ ಆಗೋದಿಲ್ಲ ಅಂತ ನೋಡಿಕೊಂಡು ಅವರದನ್ನು ತಡೆದಿಟ್ಟರು, ಅಷ್ಟೇ.

ಇನ್ನೊಂದು ಸಂಗತಿ ನಿಮಗೆ ಅಷ್ಟಾಗಿ ಕಂಡಿರಲಿಕ್ಕಿಲ್ಲ. ಅಮೆರಿಕದಲ್ಲಿ ದೊಡ್ಡ ಆಫೀಸು ಬಾಡಿಗೆಗೆ ಹಿಡಿಯುವಾಗ ಅಡ್ವಾನ್ಸ್ ಬದಲು ಎಷ್ಟೋ ಸಲ ಲೆಟರ್ ಆಫ್ ಕ್ರೆಡಿಟ್ ಕೊಡುತ್ತಾರೆ. ಬಾಡಿಗೆದಾರ ಕೊಡದಿದ್ದರೆ ಇಷ್ಟು ಮೊತ್ತದವರೆಗೆ ನಾವು ಕೊಡ್ತೀವಿ ಅಂತ ಬ್ಯಾಂಕು ಬರೆದುಕೊಡುವ ಪತ್ರ ಅದು. ಬೌಲ್ಡರ್‌ನಲ್ಲಿ ಅಂಥ ಪತ್ರ 9,68,000 ಡಾಲರ್‌ದು ಇತ್ತು. ಬಾಡಿಗೆ ಬರದಿದ್ದಾಗ ಮಾಲೀಕರು ಅದನ್ನೇ ತೆಗೆದುಕೊಳ್ಳುತ್ತಾ ಹೋದರು. 2023ರ ಮಾರ್ಚ್‌ಗೆ ಅದು ಮುಗಿಯಿತು. ಆಮೇಲೆ ತಾನೇ ಕೋರ್ಟು, ಆದೇಶ, ಖಾಲಿ ಮಾಡಿಸೋ ಶೆರಿಫ್ ಅಧಿಕಾರಿ ಎಲ್ಲ. ಮಾರ್ಕೆಟ್ ಸ್ಟ್ರೀಟ್‌ನಲ್ಲೂ ಡಿಸೆಂಬರ್ ಬಾಡಿಗೆಗೆ ಲೆಟರ್ ಆಫ್ ಕ್ರೆಡಿಟ್‌ಗೆ ಕೈ ಹಾಕಬೇಕಾಯಿತು. ಅಂದರೆ ತುರ್ತಿಗೆ ಅಂತ ಇಟ್ಟಿದ್ದ ಗಂಟನ್ನು ಕಂಪನಿ ತಿಂಗಳ ಖರ್ಚಿಗೆ ಬಳಸಿದ ಹಾಗೆಯೇ ಆಯಿತು.

ಒಂದು ಸಂಸಾರ ಹೀಗೆ ಮಾಡೋಕಾಗುತ್ತಾ? ಕ್ಯಾಲಿಫೋರ್ನಿಯಾದಲ್ಲೇ ಮನೆ ಬಾಡಿಗೆ ಬಾಕಿ ಬಿದ್ದರೆ ಮಾಲೀಕ ಮೂರು ದಿನದ ನೋಟಿಸ್ ಕೊಡಬಹುದು. ಕೊಡಿ, ಇಲ್ಲ ಖಾಲಿ ಮಾಡಿ. ಆಮೇಲೆ ಕೋರ್ಟಿನ ದಾರಿ. ಖಾಲಿ ಮಾಡಿಸಿದ ದಾಖಲೆ ಬೆನ್ನಿಗೆ ಬಿದ್ದರೆ ಮುಂದಿನ ಮನೆ ಸಿಗೋದೂ ಕಷ್ಟ. ಆ ಸಂಸಾರಕ್ಕೆ ಯಾರೂ ಶಹಬ್ಬಾಸ್ ಅನ್ನೋದಿಲ್ಲ. ಅದರ ಜಾಣತನದ ಬಗ್ಗೆ ಯಾರೂ ಭಾಷಣ ಮಾಡೋದಿಲ್ಲ.

ಇಲ್ಲಿ ನೀವು ಒಂದು ಒಳ್ಳೆ ಪ್ರಶ್ನೆ ಎತ್ತುತ್ತೀರಿ. ಕಟ್ಟಡದ ಮಾಲೀಕರೇನು ಬಡವರಾ? ಅವರಿಗಾಗಿ ಯಾಕೆ ಅಳಬೇಕು? ಅಳಬೇಡಿ. ನಾನೂ ಅಳೋದಿಲ್ಲ. 650 ಕ್ಯಾಲಿಫೋರ್ನಿಯಾ ಸ್ಟ್ರೀಟ್‌ನ ಹಿಂದೆ ಇದ್ದದ್ದು ಕೊಲಂಬಿಯಾ ಪ್ರಾಪರ್ಟಿ ಟ್ರಸ್ಟ್ ಅನ್ನೋ ಭಾರೀ ಕಂಪನಿ. ಟ್ವಿಟರ್ ಮೇಲೆ ದಾವೆ ಹಾಕಿ ಎರಡು ತಿಂಗಳೊಳಗೆ, 2023ರ ಫೆಬ್ರವರಿಯಲ್ಲಿ, ಅದೇ ಕಂಪನಿ ತನ್ನ ಏಳು ಕಟ್ಟಡಗಳ ಮೇಲಿದ್ದ ಸುಮಾರು 1.7 ಬಿಲಿಯನ್ ಡಾಲರ್ ಸಾಲ ಕಟ್ಟದೆ ಸುಸ್ತಿಯಾಯಿತು. ಆ ಏಳರಲ್ಲಿ 650 ಕ್ಯಾಲಿಫೋರ್ನಿಯಾ ಸ್ಟ್ರೀಟ್ ಕೂಡ ಒಂದು. ಬಾಡಿಗೆ ಬರಲಿಲ್ಲ ಅಂತ ಕೋರ್ಟಿಗೆ ಹೋದವರೇ ಸಾಲ ಕೊಟ್ಟವರ ಮುಂದೆ ಕೈಚೆಲ್ಲಿದರು. ಟ್ವಿಟರ್‌ನ ಒಂದು ಮಹಡಿಯಿಂದ ಹೀಗಾಯಿತು ಅಂತಲ್ಲ. ಬಡ್ಡಿ ದರ ಏರಿತ್ತು, ಆಫೀಸು ಜಾಗ ಕೇಳುವವರು ಕಡಿಮೆಯಾಗಿದ್ದರು. ಮೇಲಿನ ಮಟ್ಟದಲ್ಲಿ ಕೊಡದೆ ಇರೋದು ಅಷ್ಟು ಮಾಮೂಲು ಅನ್ನೋದಕ್ಕೆ ಹೇಳಿದೆ.

ಲಂಡನ್ ಕತೆ ಬೇರೆ. ಅಲ್ಲಿ ರಾಜನಿಗೇ ಬಾಡಿಗೆ ಬಾಕಿ ಅಂತ ತಮಾಷೆ ಓಡಾಡಿತು. ಕ್ರೌನ್ ಎಸ್ಟೇಟ್ ಅಂದರೆ ಹೆಸರಿಗೆ ರಾಜಮನೆತನದ ಆಸ್ತಿ ನಿಜ. ರಾಜ ಅದನ್ನು ಮಾರುವಂತಿಲ್ಲ, ಅದರ ಲಾಭ ಹೋಗೋದು ಬ್ರಿಟನ್ ಸರ್ಕಾರದ ಖಜಾನೆಗೆ. ಅಂದರೆ ಪಿಕಡಿಲಿ ಸರ್ಕಸ್ ಹತ್ತಿರದ ಆ ಕಚೇರಿಯ ಬಾಡಿಗೆ ಕೊನೆಗೆ ಸೇರಬೇಕಾದದ್ದು ಸಾರ್ವಜನಿಕರ ದುಡ್ಡಿಗೆ. ಅರಮನೆಗೆ ಟೋಪಿ ಹಾಕಿದರು ಅಂತ ಖುಷಿಪಟ್ಟ ಬ್ರಿಟನ್‌ನವರು ಯಾರಾದರೂ ಇದ್ದರೆ, ಟೋಪಿ ಬಿದ್ದಿದ್ದು ಯಾರ ತಲೆಗೆ ಅಂತ ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು.

ಮಾಲೀಕರನ್ನು ಬಿಟ್ಟುಬಿಡೋಣ, ಅವರಿಗೆ ವಕೀಲರಿದ್ದಾರೆ. ಬಾಡಿಗೆಯ ಸುದ್ದಿ ಹೊರಗೆ ಬಂದ ಅದೇ ಡಿಸೆಂಬರ್‌ನ ಮೊದಲ ವಾರ ಮಾರ್ಕೆಟ್ ಸ್ಟ್ರೀಟ್ ಕಚೇರಿಯ ಕ್ಲೀನಿಂಗ್ ಕೆಲಸದವರು ರಸ್ತೆಯಲ್ಲಿ ನಿಂತಿದ್ದರು. ಅವರ ಗುತ್ತಿಗೆಯನ್ನೇ ಕಂಪನಿ ನಿಲ್ಲಿಸಿತ್ತು. ಕ್ರಿಸ್‌ಮಸ್ ಮುಂದೆ ಕೆಲಸ ಹೋಯಿತು. ಆಮೇಲೆ ಶೌಚಾಲಯ ತೊಳೆಯುವವರಿಲ್ಲದೆ ಕೆಲವು ನೌಕರರು ಮನೆಯಿಂದಲೇ ಟಾಯ್ಲೆಟ್ ಪೇಪರ್ ತಂದುಕೊಳ್ಳುತ್ತಿದ್ದಾರೆ ಅಂತ ಪತ್ರಿಕೆಯಲ್ಲಿ ಬಂತು. ಲೋಕವೆಲ್ಲ ಟಾಯ್ಲೆಟ್ ಪೇಪರ್ ಬಗ್ಗೆ ಮಾತಾಡಿತು. ಅದನ್ನು ದಿನಾ ತಂದಿಡುತ್ತಿದ್ದವರ ಬಗ್ಗೆ ಎಷ್ಟು ಜನ ಮಾತಾಡಿದಿರಿ?

ಬಾಡಿಗೆ ನಿಲ್ಲಿಸಿದ ಕೈಯೇ ಅವರ ಗುತ್ತಿಗೆಯನ್ನೂ ನಿಲ್ಲಿಸಿದ್ದು. ಪಟ್ಟಿ ಒಂದೇ, ಪೆನ್ನೂ ಒಂದೇ. ನೀವು ಮೇಲಿನ ಸಾಲಿಗೆ ಚಪ್ಪಾಳೆ ತಟ್ಟಿದರೆ ಕೆಳಗಿನ ಸಾಲಿಗೂ ತಟ್ಟಿದ ಹಾಗೇನೇ.

ಈಗ ನಕ್ಕವರಿಗೆ ಆ ಎರಡು ಮಾತು.

ಜನ ಸಿಟ್ಟಾದರೆ ಏನಾಗುತ್ತೆ ಅನ್ನೋದಕ್ಕೆ ಜರ್ಮನಿಯ ಒಂದು ಉದಾಹರಣೆ ಇದೆ. ಅದು ಆಫೀಸು ಬಾಡಿಗೆಯದಲ್ಲ, ಅಂಗಡಿ ಬಾಡಿಗೆಯದು. 2020ರ ಮಾರ್ಚ್ ಕೊನೆ. ಕೊರೊನಾಕ್ಕೆ ಅಂಗಡಿಗಳೆಲ್ಲ ಬಂದ್. ಏಪ್ರಿಲ್‌ನಿಂದ ಜೂನ್‌ವರೆಗೆ ಬಾಡಿಗೆ ಕಟ್ಟಲಾಗದಿದ್ದರೂ ಬಾಡಿಗೆದಾರರನ್ನು ಹೊರಗೆ ಹಾಕುವಂತಿಲ್ಲ ಅಂತ ಅಲ್ಲಿನ ಸರ್ಕಾರ ಕಾನೂನು ತಂದಿತ್ತು. ಕಷ್ಟದಲ್ಲಿ ಇದ್ದವರಿಗೆ ಅಂತ ಮಾಡಿದ್ದು. ಅಷ್ಟರಲ್ಲಿ ಅಡಿಡಾಸ್ ಬಂದು ನಾವೂ ಮುಚ್ಚಿದ ಅಂಗಡಿಗಳ ಬಾಡಿಗೆ ತಡೆಹಿಡೀತೀವಿ ಅಂದಿತು. ಹಿಂದಿನ ವರ್ಷ ಸುಮಾರು 2 ಬಿಲಿಯನ್ ಯೂರೊ ಲಾಭ ಮಾಡಿದ ಕಂಪನಿ! ಜನ ಕೆರಳಿದರು. ಅಡಿಡಾಸ್ ಕೊಳ್ಳಬೇಡಿ ಅಂತ ಕರೆ ಎದ್ದಿತು. ಅಲ್ಲಿನ ನ್ಯಾಯ ಮಂತ್ರಿಯೇ ಇದು ಸರಿಯಲ್ಲ ಅಂತ ಬಹಿರಂಗವಾಗಿ ಹೇಳಿದರು. ಒಬ್ಬ ಸಂಸದರು ಅಡಿಡಾಸ್ ಅಂಗಿ ಸುಟ್ಟು ವಿಡಿಯೊ ಹಾಕಿದರು. ಅದು ಸ್ವಲ್ಪ ಜಾಸ್ತಿಯೇ ಆಯಿತು ಬಿಡಿ. ಏಪ್ರಿಲ್ 1ಕ್ಕೆ ಕಂಪನಿಯೇ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿತು. ಏಪ್ರಿಲ್ ಬಾಡಿಗೆ ಕಟ್ಟಿದ್ದೇವೆ ಅಂತಲೂ ಹೇಳಿತು. ಒಂದು ವಾರವೂ ಹಿಡಿಯಲಿಲ್ಲ.

ಅಲ್ಲೂ ಬಾಡಿಗೆ ಹೋಗಬೇಕಾದದ್ದು ಹೆಚ್ಚಾಗಿ ದೊಡ್ಡ ಆಸ್ತಿ ಕಂಪನಿಗಳಿಗೇ. ಜರ್ಮನಿಯವರು ಅವರ ಮೇಲಿನ ಪ್ರೀತಿಗೆ ಸಿಟ್ಟಾಗಲಿಲ್ಲ. ಕಷ್ಟಕ್ಕೆ ಸಿಕ್ಕವನಿಗೆ ಅಂತ ಇಟ್ಟ ಸವಲತ್ತಿಗೆ ದುಡ್ಡಿದ್ದವನು ಕೈ ಹಾಕಿದ ಅಂತ ಸಿಟ್ಟಾದರು. ಆ ಸಿಟ್ಟಿಗೆ ಬೆಲೆಯಿತ್ತು, ಯಾಕೆಂದರೆ ಸಿಟ್ಟಾದವರೇ ಶೂ ಕೊಳ್ಳುವವರು.

ಟ್ವಿಟರ್ ವಿಷಯದಲ್ಲಿ ನಿಮ್ಮ ನಗುವಿಗೆ ಆ ಬೆಲೆ ಇರಲಿಲ್ಲ. ಹೆಚ್ಚಿನ ಜನ ಅಲ್ಲಿ ದುಡ್ಡು ಕೊಡುವವರಲ್ಲ, ಜಾಹೀರಾತು ನೋಡುವವರು. ಬಾಡಿಗೆ ಬಗ್ಗೆ ನೀವು ಮಾಡಿದ ಜೋಕುಗಳಲ್ಲಿ ಎಷ್ಟೋ ಅದೇ ಟ್ವಿಟರ್‌ನಲ್ಲೇ ಓಡಾಡಿದವು, ಪಕ್ಕದಲ್ಲಿ ಜಾಹೀರಾತು ಇಟ್ಟುಕೊಂಡು. 2023ರ ಜನವರಿಯಲ್ಲಿ ಟ್ವಿಟರ್ ಮುಖ್ಯ ಕಚೇರಿಯ 600ಕ್ಕೂ ಹೆಚ್ಚು ಸಾಮಾನು ಹರಾಜಿಗೆ ಬಂದಾಗಲೂ ಅಷ್ಟೇ. ಪಾಪರ್ ಆದರು ಅಂತ ನೀವು ನಕ್ಕಿರಿ, ಅದೇ ಹೊತ್ತಲ್ಲಿ ಹಕ್ಕಿಯ ಪ್ರತಿಮೆಯೊಂದು 1 ಲಕ್ಷ ಡಾಲರ್‌ಗೆ ಹೋಯಿತು. ಕಂಪನಿ 2024ರಲ್ಲಿ ಮಾರ್ಕೆಟ್ ಸ್ಟ್ರೀಟ್ ಬಿಟ್ಟು ಹೊರಟಿತು. ಅಷ್ಟರಲ್ಲಿ ನಿಮಗೆ ಬೇರೆ ಜೋಕು ಸಿಕ್ಕಿತ್ತು.

ಮತ್ತೆ ಶಹಬ್ಬಾಸ್ ಅಂದವರ ಕಡೆಗೆ. ನಿಮ್ಮಲ್ಲಿ ಕೆಲವರು ಸಣ್ಣದೋ ದೊಡ್ಡದೋ ಕಂಪನಿ ನಡೆಸುವವರು, ಕೆಲವರು ಬಿಲ್ಲಿಗೆ ಸಹಿ ಹಾಕುವ ಜಾಗದಲ್ಲಿ ಇರುವವರು ಅಂತ ಗೊತ್ತು. ನಿಮ್ಮ ಮಾತಿನ ಧಾಟಿಯಲ್ಲೇ ಅದು ತಿಳಿಯುತ್ತೆ. ನಿಮ್ಮಲ್ಲಿ ಒಂದೇ ಕೇಳಿಕೆ. ನಾಳೆ ಬೆಳಿಗ್ಗೆ ನಿಮ್ಮ ಅಕೌಂಟ್ಸ್‌ನವರನ್ನು ಕರೆದು ಏಜಿಂಗ್ ಶೀಟ್ ತರಿಸಿ. ಮೇಲಿನಿಂದ ನೋಡಬೇಡಿ, 90 ದಿನ ದಾಟಿದ ಕಾಲಂನಿಂದ ಶುರು ಮಾಡಿ. ಅದರಲ್ಲಿ ಕ್ಲೀನಿಂಗ್‌ನವರದೋ ಸೆಕ್ಯೂರಿಟಿಯವರದೋ ಹೆಸರಿದ್ದರೆ ಅವತ್ತೇ ಸಹಿ ಹಾಕಿ ಕಳಿಸಿ. ಬಿಲ್ಲಿನಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳಿದರೆ, ತಪ್ಪು ಯಾವುದು, ಯಾವ ತಾರೀಖಿಗೆ ಕಣ್ಣಿಗೆ ಬಿತ್ತು ಅಂತ ಕೇಳಿ. ಇಷ್ಟು ಮಾಡಿದ ಮೇಲೆ ಇಲಾನ್ ಮಸ್ಕ್ ಜಾಣತನದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಕೂತು ವಾದ ಮಾಡೋಣ, ನಾನು ತಯಾರು.

ಇಂತಿ,
ಬಿಲ್ಲು ಪಾಸು ಮಾಡುವ ಮೇಜಿನಿಂದ,
ಒಬ್ಬ ಅಕೌಂಟೆಂಟ್